9 ಅಡಿ ವ್ಯಾಸದ ಬಾವಿಗೆ ಕಟ್ಟೆ ಕಟ್ಟಿದ ಲೆಕ್ಕ: ಯಾವ ವೃತ್ತ ಅಳೆಯಬೇಕು?

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಹಳೇ ಬಾವಿ ಒಂದಿದೆ. ಒಳಗೆಲ್ಲ ಕಾಡುಕಲ್ಲು ಕಟ್ಟಿದ್ದಾರೆ, ಬಾಯಿಯ ಸುತ್ತ ಒಂದು ಅಡಿ ಅಗಲದ ಕಲ್ಲಿನ ಅಂಚು, ಅಷ್ಟೇ. ಕಟ್ಟೆ ಇಲ್ಲ. ಮಳೆಗಾಲದಲ್ಲಿ ತೋಟದ ಕೆಸರು ನೀರು ಸೀದಾ ಒಳಗೆ ಹೋಗುತ್ತದೆ, ರಾತ್ರಿ ಹಂದಿ ಓಡಾಡುತ್ತವೆ, ಆನೆ ಕಾಟ ಈ ಕಡೆ ಹೇಗಿದೆ ಅಂತ ಹೇಳಬೇಕಾಗಿಲ್ಲ. ಈ ಸಲ ಕಾಫಿ ಕುಯ್ಲು ಮುಗಿದ ಮೇಲೆ, ಮಳೆ ಹಿಡಿಯೋ ಮುಂಚೆ, ಇದನ್ನು ಮುಗಿಸಲೇಬೇಕು ಅಂತ ಕೂತೆ.

ಕೆಲಸ ಇಷ್ಟು: ಸುತ್ತ 3 ಅಡಿ ಎತ್ತರದ ಕಟ್ಟೆ, ಕಟ್ಟೆಯ ಹೊರಗೆ 3 ಅಡಿ ಅಗಲದ ಕಾಂಕ್ರೀಟ್, ಮೇಲೆ ಎರಡು ಭಾಗದ ಜಾಲರಿ ಮುಚ್ಚಳ, ಕೊನೆಗೆ ನೀರಿಗೆ ಬ್ಲೀಚಿಂಗ್ ಪೌಡರ್. ಮಾಮೂಲಿ ಕೆಲಸ. ಆದರೆ ಎಲ್ಲವೂ ದುಂಡಗೆ. ಚೌಕದ ಕೆಲಸದಲ್ಲಿ ಉದ್ದ ಅಗಲ ಗುಣಿಸಿದರೆ ಆಯ್ತು, ಇಲ್ಲಿ ಪ್ರತಿ ಹಂತದಲ್ಲೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಒಳಗಿನ ವೃತ್ತವಾ, ಹೊರಗಿನದಾ, ಮಧ್ಯದ್ದಾ? ಅದನ್ನು ಕೇಳಿಕೊಂಡ ಕಡೆ ಸಾಮಾನು ಸರಿಹೋಯಿತು. ಕೇಳದ ಕಡೆ ಏನಾಯ್ತು ಅಂತ ಮುಂದೆ ಬರುತ್ತದೆ.

ಹಂತ 1: ಅಳತೆ

ತೆರೆದ ಬಾವಿಯ ದೊಡ್ಡ ತೊಂದರೆ ಅಂದರೆ ಅದರ ನಡುಮಧ್ಯ ಗಾಳಿಯಲ್ಲಿದೆ. ಅಲ್ಲಿ ಗೂಟ ಹೊಡೆಯೋಕೆ ಆಗಲ್ಲ, ಟೇಪಿನ ತುದಿ ಹಿಡಿಯೋಕೂ ಆಗಲ್ಲ. 5 ಮೀಟರ್ ಸ್ಟೀಲ್ ಟೇಪನ್ನು ಬಾಯಿಗೆ ಅಡ್ಡ ಚಾಚಿದರೆ ಮಧ್ಯದಲ್ಲಿ ಮುರಿದು ಕೆಳಗೆ ಬೀಳುತ್ತದೆ.

ಮೊದಲು ಮಾಡಿದ್ದು ಪಿಯುಸಿ ಓದುತ್ತಿರುವ ಅಕ್ಕನ ಮಗ ಹೇಳಿಕೊಟ್ಟ ಉಪಾಯ. "ಮಾವ, ಅಂಚಿಗೆ 3 ಅಡಿಯ ನೇರ ಪಟ್ಟಿ ಇಡಿ. ಪಟ್ಟಿಯ ಮಧ್ಯದಿಂದ ಕಲ್ಲಿಗೆ ಎಷ್ಟು ಅಂತರ ಇದೆ ನೋಡಿ. ಅಷ್ಟು ಸಾಕು, ತ್ರಿಜ್ಯ ಹೇಳ್ತೀನಿ." ಲೆಕ್ಕ ಹೀಗೆ: ಪಟ್ಟಿಯ ಉದ್ದದ ವರ್ಗವನ್ನು ಅಂತರದ ಎಂಟು ಪಟ್ಟಿನಿಂದ ಭಾಗಿಸಿ, ಅದಕ್ಕೆ ಅಂತರದ ಅರ್ಧ ಕೂಡಿಸಬೇಕು. ಲೆಕ್ಕವೇನೋ ಸರಿ. ಒಂದು ಕಡೆ ಅಂತರ ಮೂರೂವರೆ ಇಂಚು ಸಿಕ್ಕಿತು. 36 ಇಂಚಿನ ವರ್ಗ 1296, ಅದನ್ನು 28ರಿಂದ ಭಾಗಿಸಿದರೆ 46.3, ಮೇಲೆ 1.75. ತ್ರಿಜ್ಯ 48 ಇಂಚು, ಅಂದರೆ ಬಾವಿ 8 ಅಡಿ. ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಇಟ್ಟರೆ ಅಂತರ ಎರಡೂಮುಕ್ಕಾಲು ಇಂಚು. ಈಗ ತ್ರಿಜ್ಯ 60 ಇಂಚು, ಬಾವಿ 10 ಅಡಿ! ಮುಕ್ಕಾಲು ಇಂಚಿನ ವ್ಯತ್ಯಾಸಕ್ಕೆ ಎರಡು ಅಡಿ. ನಯವಾದ ಪೈಪಿಗೋ ಚಕ್ರಕ್ಕೋ ಈ ಉಪಾಯ ಸರಿಯಾದೀತು, ಕಾಡುಕಲ್ಲಿನ ಉಬ್ಬುತಗ್ಗಿಗೆ ಬೇಡವೇ ಬೇಡ.

ಆಮೇಲೆ ಹಗ್ಗ. ಕಲ್ಲಿನ ಅಂಚಿನ ಹೊರಗಡೆಯಿಂದ ನೈಲಾನ್ ಹಗ್ಗ ಬಿಗಿಯಾಗಿ ಸುತ್ತಿ, ಗುರುತು ಹಾಕಿ, ನೆಲದ ಮೇಲೆ ಹಾಸಿ ಅಳೆದರೆ 33 ಅಡಿ 8 ಇಂಚು. ಅದನ್ನು 3.1416ರಿಂದ ಭಾಗಿಸಿದರೆ ವ್ಯಾಸ 10 ಅಡಿ ಎಂಟೂವರೆ ಇಂಚು. ಎಳೆದು ಸುತ್ತಿದಾಗ ಹಗ್ಗ ಹಿಗ್ಗಿತ್ತು, ನೆಲದ ಮೇಲೆ ಬಿಟ್ಟಾಗ ಕುಗ್ಗಿತು. ಹಗ್ಗ ಬಿಟ್ಟು ಕಂಬಿ ಕಟ್ಟುವ ಬೈಂಡಿಂಗ್ ವೈರ್ ತಗೊಂಡು ಸುತ್ತಿದೆವು. ಅದು ಹಿಗ್ಗಲ್ಲ. 34 ಅಡಿ 10 ಇಂಚು, ವ್ಯಾಸ 11 ಅಡಿ 1 ಇಂಚು. ಉಬ್ಬಿದ ಕಲ್ಲುಗಳ ಮೇಲಿಂದ ವೈರ್ ಹಾದು ಹೋಗುವುದರಿಂದ ಇದು ನಿಜಕ್ಕಿಂತ ಚೂರು ಜಾಸ್ತಿಯೇ ಬರುತ್ತದೆ.

ಇಲ್ಲೊಂದು ಗಮನಿಸಿ. ಸುತ್ತಳತೆಯಲ್ಲಿ 3 ಇಂಚು ತಪ್ಪಾದರೆ ವ್ಯಾಸದಲ್ಲಿ ತಪ್ಪುವುದು ಒಂದೇ ಇಂಚು. ಸುತ್ತಿ ಅಳೆದು ಭಾಗಿಸಿದರೆ ತಪ್ಪು ಸಣ್ಣದಾಗುತ್ತದೆ. ಪಟ್ಟಿಯ ಉಪಾಯದಲ್ಲಿ ಸಣ್ಣ ತಪ್ಪೇ ದೊಡ್ಡದಾಗುತ್ತದೆ. ಹಾಗಾಗಿ ದುಂಡಗಿನ ಏನೇ ಇರಲಿ, ಸುತ್ತ ವೈರ್ ಹಾಕೋಕೆ ಆಗುತ್ತೆ ಅಂದರೆ ಅದನ್ನೇ ಮಾಡಿ.

ಬಾಯಿಯ ಒಳ ಅಳತೆಗೆ ಬಿದಿರಿನ ಗಳ ಬಳಸಿದೆವು. ಗಳವನ್ನು ಬಾಯಿಗೆ ಅಡ್ಡ ಇಟ್ಟು, ಒಂದು ತುದಿಯನ್ನು ಒಂದೇ ಕಡೆ ಹಿಡಿದು, ಇನ್ನೊಂದು ತುದಿಯನ್ನು ಆಚೀಚೆ ಸರಿಸಿದರೆ ಸಿಗುವ ಅತಿ ದೊಡ್ಡ ಅಳತೆಯೇ ವ್ಯಾಸ. ಮಧ್ಯ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ. ನಾಲ್ಕು ದಿಕ್ಕಿಗೆ ಸಿಕ್ಕಿದ್ದು 8 ಅಡಿ 10 ಇಂಚು, 9 ಅಡಿ ಎರಡೂವರೆ ಇಂಚು, 8 ಅಡಿ 11 ಇಂಚು, 9 ಅಡಿ 1 ಇಂಚು. ಯಾವ ಹಳೇ ಬಾವಿಯೂ ಪೂರ್ತಿ ದುಂಡಗಿರಲ್ಲ, ಸರಾಸರಿ 9 ಅಡಿ ಅಂತ ಇಟ್ಟುಕೊಂಡೆವು. ಒಂದು ಅಡಿ ಅಂಚು ಎರಡೂ ಕಡೆ ಸೇರಿದರೆ 11 ಅಡಿ, ವೈರ್ ಹೇಳಿದ್ದಕ್ಕೂ ತಾಳೆ ಆಯ್ತು.

ಬಾವಿಯ ಅಂಚಿನಲ್ಲಿ ಬಗ್ಗಿ ಅಳೆಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಬಿಗಿಯಿರಿ. ನಾವು ಕಟ್ಟೆ ಏಳುವವರೆಗೂ ಹಾಗೇ ಮಾಡಿದ್ದು.

ಹಂತ 2: ಕಟ್ಟೆಯ ವೃತ್ತ ಹಾಕುವುದು

ಕಟ್ಟೆಗೆ 6 ಇಂಚಿನ ಸಾಲಿಡ್ ಬ್ಲಾಕ್. ಬಾಯಿಯಿಂದ 3 ಇಂಚು ಹಿಂದೆ ಸರಿಸಿ ಕಟ್ಟಬೇಕು ಅಂತ ಮೇಸ್ತ್ರಿ ಹೇಳಿದರು. ಹಾಗಾದರೆ ಕಟ್ಟೆಯ ಒಳ ವ್ಯಾಸ 9 ಅಡಿ 6 ಇಂಚು, ಹೊರ ವ್ಯಾಸ 10 ಅಡಿ 6 ಇಂಚು, ಗೋಡೆಯ ನಡುವಿನ ವ್ಯಾಸ ಸರಿಯಾಗಿ 10 ಅಡಿ. ಈ ಮೂರು ಸಂಖ್ಯೆಗಳನ್ನು ಸೀಮೆಸುಣ್ಣದಲ್ಲಿ ಪಂಪ್ ಶೆಡ್ಡಿನ ಬಾಗಿಲ ಮೇಲೆ ಬರೆದಿಟ್ಟೆ.

ವೃತ್ತ ಎಳೆಯೋಕೆ ಮಧ್ಯ ಬೇಕೇ ಬೇಕಲ್ವಾ. ದಪ್ಪ ಸಿಲ್ವರ್ ಓಕ್ ಹಲಗೆಯನ್ನು ಬಾವಿಗೆ ಅಡ್ಡಲಾಗಿ ಸೇತುವೆ ಥರ ಹಾಕಿ, ಅಲುಗಾಡದಂತೆ ಎರಡೂ ತುದಿಗೆ ಕಲ್ಲು ಹೇರಿ, ನಾಲ್ಕೂ ದಿಕ್ಕಿನ ಅಂಚಿಗೆ ಅಳೆದು ಸಮ ಬರುವ ಜಾಗದಲ್ಲಿ ಮೊಳೆ ಹೊಡೆದೆವು. ಆ ಮೊಳೆಗೆ ದಾರ ಕಟ್ಟಲಿಲ್ಲ. ದಾರವನ್ನು ಒಬ್ಬೊಬ್ಬರು ಒಂದೊಂದು ಥರ ಎಳೆಯುತ್ತಾರೆ. ಅದರ ಬದಲು ತೂತು ಕೊರೆದ ಮರದ ರೀಪರ್ (ಉದ್ದನೆಯ ತೆಳು ಪಟ್ಟಿ) ಸಿಕ್ಕಿಸಿ, ಅದರಲ್ಲಿ 4 ಅಡಿ 9 ಇಂಚಿಗೆ ಒಂದು ಕಚ್ಚು, 5 ಅಡಿ 3 ಇಂಚಿಗೆ ಇನ್ನೊಂದು ಕಚ್ಚು ಕೊಯ್ದೆವು. ಸೀಮೆಸುಣ್ಣ ಕಚ್ಚಿಗೆ ಇಟ್ಟು ರೀಪರ್ ತಿರುಗಿಸುತ್ತಾ ಹೋದರೆ ಒಳಗಿನದೂ ಹೊರಗಿನದೂ ಎರಡೂ ವೃತ್ತ ಒಂದೇ ಸುತ್ತಿಗೆ ಬಿದ್ದವು. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟಿದ್ದು ಈ ರೀಪರ್.

ಫೋನಿನ ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. 9 ಅಡಿ 6 ಇಂಚನ್ನು 9.6 ಅಂತ ಒತ್ತಬಾರದು, ಅದು 9.5. ಅಕ್ಕನ ಮಗ 9.6 ಒತ್ತಿ ಸುತ್ತಳತೆ 30 ಅಡಿ 2 ಇಂಚು ಅಂದ, ನಿಜವಾದದ್ದು 29 ಅಡಿ 10 ಇಂಚು. ಟೇಪು ಹನ್ನೆರಡರ ಲೆಕ್ಕ, ಕ್ಯಾಲ್ಕುಲೇಟರ್ ಹತ್ತರ ಲೆಕ್ಕ. ಇಂಚನ್ನು 12ರಿಂದ ಭಾಗಿಸಿ ಒತ್ತಿ, ಇಲ್ಲವೇ ಎಲ್ಲವನ್ನೂ ಇಂಚಿಗೇ ಇಳಿಸಿ.

ಹಂತ 3: ಬ್ಲಾಕ್ ಎಷ್ಟು, ಹೇಗೆ

ಬ್ಲಾಕ್ 16 ಇಂಚು ಉದ್ದ, 8 ಇಂಚು ಎತ್ತರ, 6 ಇಂಚು ದಪ್ಪ. ನೇರ ಗೋಡೆಯಾದರೆ ಉದ್ದ ಭಾಗಿಸಿ ಎಣಿಸಿಬಿಡಬಹುದು. ಇಲ್ಲಿ ಒಳಗಿನ ಸುತ್ತಳತೆ 29.85 ಅಡಿ, ಹೊರಗಿನದು 32.99. ವ್ಯತ್ಯಾಸ 3.14 ಅಡಿ. ಇದು ಆಕಸ್ಮಿಕ ಅಲ್ಲ: ಅರ್ಧ ಅಡಿ ದಪ್ಪದ ದುಂಡು ಗೋಡೆ ಎಷ್ಟೇ ದೊಡ್ಡ ಬಾವಿಗೆ ಕಟ್ಟಿ, ಹೊರಗಿನ ಸುತ್ತಳತೆ ಒಳಗಿನದಕ್ಕಿಂತ 3.14 ಅಡಿಯೇ ಜಾಸ್ತಿ. ಬ್ಲಾಕ್ ಅಂತೂ ಹೊರಗಡೆ ಉದ್ದ ಆಗಲ್ಲ, ಹಾಗಾಗಿ ಈ 3.14 ಅಡಿಯನ್ನು ಸಂದಿಗಳೇ ತುಂಬಬೇಕು.

ಇಡೀ ಬ್ಲಾಕ್ ಹಾಕಿದರೆ ಒಂದು ಸಾಲಿಗೆ 22. ಒಳಗಡೆ ಸಂದಿ ಕಾಲು ಇಂಚು, ಹೊರಗಡೆ ಎರಡು ಇಂಚು. ಮೊದಲ ಸಾಲನ್ನು ಮಾಲು (ಸಿಮೆಂಟ್ ಗಾರೆ) ಹಾಕದೆ ಸುಮ್ನೆ ಜೋಡಿಸಿ ನೋಡಿದೆವು. ಹೊರಗಿನಿಂದ ನೋಡಿದರೆ ಹಲ್ಲು ಉದುರಿದ ಬಾಯಿ ಹಾಗಿತ್ತು. ಮೇಸ್ತ್ರಿ ಒಂದು ಕ್ಷಣ ನೋಡಿ, "ಅಣ್ಣ, ಇದು ಬೇಡ, ಒಡೆದು ಹಾಕುವ" ಅಂದರು. ಬ್ಲಾಕನ್ನು ಮಧ್ಯಕ್ಕೆ ಉಳಿಯಿಂದ ಗೀರಿ, ನಾಲ್ಕೂ ಮುಖ ತಟ್ಟಿ, ಮತ್ತೆ ಗೀರಿನ ಮೇಲೆ ಒಂದೇ ಪೆಟ್ಟು. ಬಹಳಷ್ಟು ಸರಿಯಾಗಿ ಎರಡಾದವು, ಕೆಲವು ಮೂಲೆ ಕಿತ್ತುಕೊಂಡು ಹೋದವು. 8 ಇಂಚಿನ ತುಂಡಾದರೆ ಸಾಲಿಗೆ 42, ಒಳ ಸಂದಿ ಅರ್ಧ ಇಂಚು, ಹೊರ ಸಂದಿ ಸುಮಾರು ಒಂದೂವರೆ ಇಂಚು. ಮಾಲು ಸ್ವಲ್ಪ ಜಾಸ್ತಿ ತಿನ್ನುತ್ತದೆ, ಆದರೆ ಕಟ್ಟೆ ದುಂಡಗೆ ಕಾಣುತ್ತದೆ. ಸಣ್ಣ ಬಾವಿಗೆ ಇಟ್ಟಿಗೆಯೇ ವಾಸಿ ಅನ್ನುವುದು ಈಗ ನನ್ನ ಅಭಿಪ್ರಾಯ.

ನಾಲ್ಕು ಸಾಲಿಗೆ 168 ತುಂಡು, ಅಂದರೆ 84 ಬ್ಲಾಕ್. ಒಡೆದು ಹಾಳಾಗುವುದಕ್ಕೆ ಸೇರಿಸಿ 90 ತರಿಸಿದ್ದೆ, ಸಾಕಾಯ್ತು. ಒಂದಕ್ಕೆ 42 ರೂಪಾಯಿ, 3780. ಬಾಡಿಗೆ 800. ಪ್ರತಿ ಸಾಲು ಮುಗಿದ ಮೇಲೆ ಬಿದಿರ ಗಳ ಇಟ್ಟು ಎದುರುಬದುರು ಅಳತೆ ನೋಡಿದೆವು, ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೇರ ನೋಡಿದೆವು. ಪಂಪಿನ ಪೈಪಿಗೆ ಎರಡನೇ ಸಾಲಿನಲ್ಲಿ ಒಂದು ತೂತು ಬಿಟ್ಟಿದ್ದೇವೆ.

ಪ್ಲಾಸ್ಟರಿಂಗ್ ವಿಸ್ತೀರ್ಣಕ್ಕೆ ಪೈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದುಂಡು ಗೋಡೆಯನ್ನು ಬಿಚ್ಚಿ ಹಾಸಿದರೆ ಆಯತವೇ. ಒಳಗೆ 29.85 ಗುಣಿಸು 3, ಸುಮಾರು 90 ಚದರ ಅಡಿ. ಹೊರಗೆ 99. ಮೇಲಿನ ಅರ್ಧ ಅಡಿ ಅಗಲದ ತಲೆಗೆ ಮಧ್ಯದ ಸುತ್ತಳತೆ 31.42ರ ಅರ್ಧ, ಸುಮಾರು 16. ಒಟ್ಟು 205. ಒಳಗಡೆ ಪ್ಲಾಸ್ಟರ್ ಮಾಡುವಾಗ ಹಲಗೆಗಳನ್ನು ಬಾವಿಗೆ ಪೂರ್ತಿ ಮುಚ್ಚಿದ್ದೆವು, ಮಾಲು ನೀರಿಗೆ ಬೀಳಬಾರದಲ್ಲ.

ಹಂತ 4: ಸುತ್ತಿನ ಕಾಂಕ್ರೀಟ್, ಸಿಮೆಂಟ್ ಸಾಲದೆ ಹೋದದ್ದು

ಇಡೀ ಕೆಲಸದಲ್ಲಿ ಕೆಟ್ಟಿದ್ದು ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಟ್ಟೆಯಿಂದ ಹೊರಗೆ 3 ಅಡಿ ಅಗಲ, 4 ಇಂಚು ದಪ್ಪ. ಮೇಸ್ತ್ರಿಯ ಲೆಕ್ಕ: ಕಟ್ಟೆಯ ಸುತ್ತಳತೆ 33 ಅಡಿ, ಅಗಲ 3 ಅಡಿ, 99 ಚದರ ಅಡಿ, 33 ಘನ ಅಡಿ ಕಾಂಕ್ರೀಟ್, 6 ಮೂಟೆ ಸಿಮೆಂಟ್. ಕೇಳೋಕೆ ಸರಿಯಾಗೇ ಇತ್ತು, ನಾನೂ ತಲೆ ಆಡಿಸಿದೆ. ಆದರೆ 33 ಅಡಿ ಅನ್ನುವುದು ಕಾಂಕ್ರೀಟ್ ಪಟ್ಟಿಯ ಒಳ ಅಂಚು. ಹೊರ ಅಂಚಿನ ವ್ಯಾಸ 16 ಅಡಿ 6 ಇಂಚು, ಅಲ್ಲಿ ಸುತ್ತಳತೆ 51.84 ಅಡಿ. ಒಳಗೆ 33, ಹೊರಗೆ 52, ಅಂದಮೇಲೆ 33ರಿಂದ ಗುಣಿಸಿದರೆ ಸಾಲುವುದು ಹೇಗೆ?

ಸರಿಯಾದ ಲೆಕ್ಕ ಎರಡು ರೀತಿಯಲ್ಲಿ ಮಾಡಬಹುದು. ದೊಡ್ಡ ವೃತ್ತದ ವಿಸ್ತೀರ್ಣದಲ್ಲಿ ಸಣ್ಣದರ ವಿಸ್ತೀರ್ಣ ಕಳೆಯುವುದು ಒಂದು: 16.5ರ ವರ್ಗ 272.25, 10.5ರ ವರ್ಗ 110.25, ಕಳೆದರೆ 162, ಅದನ್ನು 0.7854ರಿಂದ (ಪೈಯ ನಾಲ್ಕನೇ ಒಂದು ಭಾಗ) ಗುಣಿಸಿದರೆ 127.2 ಚದರ ಅಡಿ. ಇಲ್ಲಿ ಮೊದಲು ವರ್ಗ, ಆಮೇಲೆ ಕಳೆಯುವುದು. 16.5ರಲ್ಲಿ 10.5 ಕಳೆದು 6 ಅಂತ ಮಾಡಿ ಅದನ್ನು ವರ್ಗ ಮಾಡಿ 0.7854ರಿಂದ ಗುಣಿಸಿದರೆ 28 ಬರುತ್ತದೆ, ಅದು ಯಾವುದಕ್ಕೂ ಸಂಬಂಧ ಇಲ್ಲದ ಸಂಖ್ಯೆ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ: ಪಟ್ಟಿಯ ಮಧ್ಯದಲ್ಲಿ ಒಂದು ವೃತ್ತ ಇದೆ ಅಂತ ಭಾವಿಸಿ, ಅದರ ವ್ಯಾಸ 13.5 ಅಡಿ, ಸುತ್ತಳತೆ 42.41, ಅದನ್ನು 3 ಅಡಿ ಅಗಲದಿಂದ ಗುಣಿಸಿ. ಮತ್ತೆ 127.2. ಅಂದಾಜು ಅಲ್ಲ, ಕರಾರುವಾಕ್ಕಾಗಿ ಅದೇ ಉತ್ತರ. ಕಟ್ಟೆಯ ತಲೆಗೆ ಮಧ್ಯದ ಸುತ್ತಳತೆ ಹಿಡಿದ ಮೇಸ್ತ್ರಿಯೇ ಇಲ್ಲಿ ಒಳಗಿನದನ್ನು ಹಿಡಿದರು. ಅರ್ಧ ಅಡಿ ಅಗಲದಲ್ಲಿ ಗೊತ್ತಾಗದ ತಪ್ಪು 3 ಅಡಿ ಅಗಲದಲ್ಲಿ ಎದ್ದು ಕಾಣುತ್ತದೆ.

4 ಇಂಚು ದಪ್ಪಕ್ಕೆ 42.4 ಘನ ಅಡಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಶ್ರಣ. ಒಣ ಸಾಮಾನು ಕಾಂಕ್ರೀಟಿಗಿಂತ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು, 1.54 ಅಂತ ಹಿಡಿಯುತ್ತಾರೆ. 65 ಘನ ಅಡಿ ಆಯ್ತು, ಅದರಲ್ಲಿ ಏಳನೇ ಒಂದು ಭಾಗ ಸಿಮೆಂಟ್, ಮೂಟೆಗೆ 1.226 ಘನ ಅಡಿ. ಬೇಕಾಗಿದ್ದು 8 ಮೂಟೆ. ನಮ್ಮ ಹತ್ತಿರ ಇದ್ದದ್ದು 6.

ಭಾನುವಾರ ಮಧ್ಯಾಹ್ನ ಸಿಮೆಂಟ್ ಮುಗಿಯಿತು. ಪಟ್ಟಿಯ ಮಧ್ಯದಲ್ಲಿ ಅಳೆದರೆ ಇನ್ನೂ ಒಂಬತ್ತೂವರೆ ಅಡಿ ಬಾಕಿ. ಅಂಗಡಿ ಬಾಗಿಲು ಹಾಕಿತ್ತು. ಜಲ್ಲಿ, ಎಂ ಸ್ಯಾಂಡ್ ಲೋಡಿನಲ್ಲಿ ಬಂದದ್ದರಿಂದ ಬೇಕಾದಷ್ಟಿತ್ತು, ಸಿಮೆಂಟ್ ಒಂದೇ ಇಲ್ಲ. ಇರುವುದನ್ನೇ ತೆಳ್ಳಗೆ ಎಳೆಯುವ ಅಂತ ಒಬ್ಬರು ಅಂದರು, ಬೇಡ ಅಂದೆ. ಎರಡೂ ತುದಿಯನ್ನು ನೇರಕ್ಕೆ ಕಡಿದು, ಮುಖವನ್ನು ಒರಟು ಮಾಡಿ ನಿಲ್ಲಿಸಿದೆವು. ಮಾರನೇ ದಿನ 2 ಮೂಟೆ ತಂದು, ಹಳೇ ಮುಖಕ್ಕೆ ಸಿಮೆಂಟ್ ಹಾಲು ಬಳಿದು, ಉಳಿದದ್ದನ್ನು ಹಾಕಿದೆವು. ಅವತ್ತೇ ಸಂಜೆ ಹೂಮಳೆ ಬರಬೇಕಾ! ಕಾಫಿಗೆ ಚಿನ್ನದಂಥ ಮಳೆ, ಹಸಿ ಕಾಂಕ್ರೀಟಿಗೆ ಶತ್ರು. ಕಾಫಿ ಒಣಗಿಸುವ ಟಾರ್ಪಲ್ ಎಳೆದು ಮುಚ್ಚಿದ್ದರಿಂದ ಮೇಲ್ಮೈ ಉಳಿಯಿತು. ಆದರೆ ಎರಡು ಸೇರಿಕೆಯಲ್ಲಿ ಒಂದು ಕಡೆ ಕೂದಲೆಳೆ ಬಿರುಕು ಬಂದಿದೆ, ನೀರು ಹಾಕಿದರೆ ಗೆರೆ ಕಪ್ಪಗೆ ಕಾಣುತ್ತದೆ.

ಹೊರ ಅಂಚಿನಲ್ಲಿ ಕಾಂಕ್ರೀಟ್ ತಡೆಯೋಕೆ ಹಲಗೆ ಬಾಗಲ್ಲ, ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಚೆನ್ನಾಗಿ ಬಾಗುತ್ತದೆ. ಎರಡು ಅಡಿಗೊಂದು ಗೂಟ, 52 ಅಡಿಗೆ 26 ಗೂಟ. ನೇರ ಬೇಲಿಗಾದರೆ ಇನ್ನೊಂದು ಗೂಟ ಹೆಚ್ಚು ಬೇಕಿತ್ತು, ವೃತ್ತದಲ್ಲಿ ಕೊನೆಯದೇ ಮೊದಲನೆಯದು. ಹೊರಗಿನ ವೃತ್ತಕ್ಕೆ ಮಧ್ಯ ಹುಡುಕಲಿಲ್ಲ, ಕಟ್ಟೆಯ ಮೈಯಿಂದ ಎಲ್ಲ ಕಡೆ 3 ಅಡಿ ಅಳೆದು ಗೂಟ ಹೊಡೆದೆವು. ಹೊರಗಡೆಗೆ ಒಂದೂವರೆ ಇಂಚು ಇಳಿಜಾರು ಕೊಟ್ಟಿದ್ದೇವೆ. ಕಾಫಿ ಗೋಣಿ ಹಾಸಿ ವಾರದ ಮೇಲೂ ನೀರು ಹಾಕಿದೆವು.

ಪೈ ಬಗ್ಗೆ ಒಂದು ಅಡ್ಡಮಾತು. 22/7 ಹಾಕಬೇಕೋ, 3.14 ಹಾಕಬೇಕೋ, 3.1416 ಹಾಕಬೇಕೋ ಅಂತ ಕೇಳುವವರಿಗೆ: ನಮ್ಮ ಅತಿ ದೊಡ್ಡ ವೃತ್ತದಲ್ಲೂ ಇವುಗಳ ನಡುವಿನ ವ್ಯತ್ಯಾಸ ಅರ್ಧ ಇಂಚಿನ ಆಸುಪಾಸು. ಯಾವುದಾದರೂ ಹಾಕಿ. ಸುಮ್ನೆ ಮೂರು ಪಟ್ಟು ಅಂತ ಹಿಡಿದರೆ ಮಾತ್ರ 2 ಅಡಿ 4 ಇಂಚು ಕಡಿಮೆ ಬೀಳುತ್ತದೆ. ಈ ಮೂರು ಪಟ್ಟಿನ ಲೆಕ್ಕ ಬಹಳ ಹಳೆಯದು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಒರಟು ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ ಅಂತ ಎರಡನ್ನೂ ಕೊಟ್ಟಿದ್ದಾರೆ. 10ರ ವರ್ಗಮೂಲ 3.162, ನಮ್ಮ ಹೊರ ವೃತ್ತಕ್ಕೆ ಹಾಕಿದರೆ 4 ಇಂಚು ಜಾಸ್ತಿ. ಅದಕ್ಕೂ ಮುಂಚೆ 499ರಲ್ಲಿ ಆರ್ಯಭಟ 20000 ವ್ಯಾಸಕ್ಕೆ 62832 ಸುತ್ತಳತೆ ಅಂದಿದ್ದ, ಅದೇ 3.1416. ಅಡಿಕೆ ದಬ್ಬೆಗೆ ಅಷ್ಟು ಸೂಕ್ಷ್ಮ ಬೇಡ.

ಹಂತ 5: ಮುಚ್ಚಳ

ಜಾಲರಿ ಮುಚ್ಚಳವನ್ನು ಎರಡು ಅರ್ಧವಾಗಿ ಮಾಡಿಸಿದೆ, ಒಂದನ್ನು ಎತ್ತಿದರೆ ಕೊಡ ಇಳಿಯಬೇಕು. ಕಟ್ಟೆಯ ತಲೆಯ ಮಧ್ಯಕ್ಕೆ ಕೂರುವ ಹಾಗೆ ವ್ಯಾಸ 10 ಅಡಿ. ಎರಡೂ ಕಡೆ ಪ್ಲಾಸ್ಟರ್ ಆದರೂ ಮಧ್ಯದ ಅಳತೆ ಬದಲಾಗಲ್ಲ, ಅದಕ್ಕೇ ಮಧ್ಯ ಹಿಡಿದಿದ್ದು.

ವೆಲ್ಡಿಂಗ್ ಅಂಗಡಿಯಲ್ಲಿ ಮೊದಲು ಕೊಟ್ಟ ಲೆಕ್ಕ 31.5 ಅಡಿ ಕಬ್ಬಿಣದ ಪಟ್ಟಿಗೆ. ಅದು ಇಡೀ ವೃತ್ತಕ್ಕೆ. ಎರಡು ಅರ್ಧ ಮಾಡಿದರೆ ಪ್ರತಿ ಅರ್ಧಕ್ಕೂ ಒಂದು ನೇರ ಬದಿ ಹುಟ್ಟುತ್ತದೆ: ಬಾಗಿದ್ದು 15 ಅಡಿ ಎಂಟೂವರೆ ಇಂಚು, ನೇರದ್ದು 10 ಅಡಿ. ಎರಡೂ ಸೇರಿ ಒಟ್ಟು 51 ಅಡಿ 5 ಇಂಚು. ಬಾಗಿದ ಭಾಗಕ್ಕೆ ಚಪ್ಪಟೆ ಪಟ್ಟಿ, ನೇರ ಬದಿಗೆ ಬಾಗದಂತೆ ಎಲ್ ಆಂಗಲ್.

ಎಲ್ಲರೂ 20 ಅಡಿ ಅನ್ನುವ ಕಬ್ಬಿಣ ನಿಜಕ್ಕೂ 6 ಮೀಟರ್, ಅಂದರೆ 19 ಅಡಿ 8 ಇಂಚು. ಒಂದು ಆಂಗಲ್ ತಂದು ಎರಡು ಮಾಡಿದರೆ 10 ಅಡಿ ಬರಲ್ಲ, 9 ಅಡಿ 10 ಇಂಚು ಬರುತ್ತದೆ. ಇನ್ನೊಂದು ಆಂಗಲ್ ಕೊಳ್ಳೋಕೆ ಹೋಗಲಿಲ್ಲ. ಕಟ್ಟೆಯ ಒಳ ವ್ಯಾಸ ಪ್ಲಾಸ್ಟರ್ ಆದ ಮೇಲೆ 9 ಅಡಿ 5 ಇಂಚು, ಆಂಗಲ್ ಎರಡೂ ಕಡೆ ಎರಡೂವರೆ ಇಂಚು ಗೋಡೆಯ ಮೇಲೆ ಕೂರುತ್ತದೆ. ಸಾಕು. ಪಟ್ಟಿಯ ತುದಿಯನ್ನು ಒಂದು ಇಂಚು ಒಳಕ್ಕೆ ಬಗ್ಗಿಸಿ ಸೇರಿಸಿದರು. ಬಗ್ಗಿಸಿದ್ದು ಅಂಗಡಿಯ ನೆಲದ ಮೇಲೆ ಮೊಳೆ ಹೊಡೆದು 5 ಅಡಿ ತ್ರಿಜ್ಯದ ವೃತ್ತ ಎಳೆದು, ಅದಕ್ಕೆ ತಾಳೆ ನೋಡುತ್ತಾ.

ಜಾಲರಿ ವಿಸ್ತೀರ್ಣದ ಲೆಕ್ಕದಲ್ಲಿ 78.5 ಚದರ ಅಡಿ. ಆದರೆ ಅಂಗಡಿಯವರು ದುಂಡಗೆ ಮಾರಲ್ಲ. 5 ಅಡಿ ಅಗಲದ ರೋಲಿನಲ್ಲಿ 10 ಅಡಿಯ ಎರಡು ತುಂಡು, 100 ಚದರ ಅಡಿಗೇ ದುಡ್ಡು. ಚೌಕದಿಂದ ವೃತ್ತ ಕತ್ತರಿಸಿದರೆ ಯಾವ ಗಾತ್ರವಾದರೂ ನೂರಕ್ಕೆ ಇಪ್ಪತ್ತೊಂದೂವರೆ ಭಾಗ ಮೂಲೆಗೆ ಹೋಗುತ್ತದೆ. ಶೀಟು, ಟಾರ್ಪಲ್, ಪ್ಲೈವುಡ್ ಎಲ್ಲದಕ್ಕೂ ಇದೇ. ನಮ್ಮ ನಾಲ್ಕು ಮೂಲೆ ಕೋಳಿಗೂಡಿಗೆ ಹೋದವು. ಅಡ್ಡಪಟ್ಟಿ, ಬಣ್ಣ, ಕೂಲಿ ಎಲ್ಲ ಸೇರಿ ಮುಚ್ಚಳಕ್ಕೆ 9000. ಆನೆ ಕಾಲಿಟ್ಟರೆ ತಡೆಯುತ್ತಾ ಅಂತ ಪಕ್ಕದ ತೋಟದವರು ಕೇಳಿದರು. ಇಲ್ಲ. ಇದು ಎಲೆ, ನಾಯಿ, ಮಕ್ಕಳಿಗೆ.

ಹಂತ 6: ನೀರಿನ ಅಳತೆ, ಬ್ಲೀಚಿಂಗ್ ಪೌಡರ್

ಬಾವಿ ಖಾಲಿ ಮಾಡಿ ಹೂಳು ತೆಗೆಸಿದಾಗ ತಳದ ವ್ಯಾಸವನ್ನೂ ಕೋಲಿನಲ್ಲಿ ಅಳೆಸಿದೆ, 8 ಅಡಿ 6 ಇಂಚು. ಮೇಲೆ 9 ಅಡಿ. ಅರ್ಧ ಅಡಿ ತಾನೇ ಅನ್ನಿಸುತ್ತದೆ, ಆದರೆ ವಿಸ್ತೀರ್ಣದಲ್ಲಿ ನೂರಕ್ಕೆ ಹನ್ನೊಂದು ಭಾಗ ಕಡಿಮೆ. 9 ಅಡಿ ವ್ಯಾಸದಲ್ಲಿ ವಿಸ್ತೀರ್ಣ 63.6 ಚದರ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಒಂದು ಅಡಿ ನೀರು ಅಂದರೆ 1800 ಲೀಟರ್. ತಳದಲ್ಲಿ 1600. ಮಧ್ಯಕ್ಕೆ 1700 ಅಂತ ಹಿಡಿದು ಹಗ್ಗದಲ್ಲಿ ಅಡಿಗೊಂದು ಗಂಟು ಹಾಕಿದ್ದೇನೆ. ಗಂಟು ಎಣಿಸಿದರೆ ಲೀಟರ್ ಗೊತ್ತಾಗುತ್ತದೆ.

ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಅನ್ನುವುದು ಬಾವಿ ನೀರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ನೀರು ಮತ್ತೆ ಊರಿ 10 ಅಡಿ ನಿಂತಾಗ 17000 ಲೀಟರ್, 42 ಗ್ರಾಂ. ಅಕ್ಕಸಾಲಿಗರ ತಕ್ಕಡಿ ಬೇಡ, ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಆಮೇಲೆ ನೀರು ತುಂಬಿಸಿ ಕಲಕಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಸಿದು, ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ನೀರು ಮುಟ್ಟಬಾರದು. ತಳದ ಸುಣ್ಣವನ್ನು ಬಾವಿಗೆ ಹಾಕಬೇಡಿ, ನೀರು ಗಡುಸಾಗುತ್ತದೆ.

ಈ ಲೆಕ್ಕದಲ್ಲಿ ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬರುತ್ತದೆ. 42 ಗ್ರಾಂ ಹಾಕುವ ಕಡೆ 170 ಗ್ರಾಂ. ಕಾಂಕ್ರೀಟಿನಲ್ಲಿ ತಪ್ಪಾದರೆ ಬಿರುಕು, ಇಲ್ಲಿ ಕುಡಿಯೋ ನೀರು. ನಾನು ಅರ್ಧ ಮಾಡುವ ಗೋಜಿಗೇ ಹೋಗಲ್ಲ: ವ್ಯಾಸ ಗುಣಿಸು ವ್ಯಾಸ ಗುಣಿಸು 0.7854. ಟೇಪಿನಲ್ಲಿ ಸಿಗುವುದು ವ್ಯಾಸವೇ ತಾನೇ.

ಖರ್ಚು

ಬ್ಲಾಕ್ ಬಾಡಿಗೆ ಸೇರಿ 4580. ಸಿಮೆಂಟ್ ಕಟ್ಟೆಗೆ 3, ಪ್ಲಾಸ್ಟರಿಗೆ 4, ಕಾಂಕ್ರೀಟಿಗೆ 8, ಒಟ್ಟು 15 ಮೂಟೆ, 6000. ಎಂ ಸ್ಯಾಂಡ್, ಜಲ್ಲಿ 5500. ಮುಚ್ಚಳ 9000. ಮೇಸ್ತ್ರಿ, ಸಹಾಯಕರ ಕೂಲಿ 12000. ವೈರ್, ಮೊಳೆ, ಪೌಡರ್ ಇತ್ಯಾದಿ 460. ಒಟ್ಟು 37540. ಹಲಗೆ, ದಬ್ಬೆ, ಬಿದಿರು ತೋಟದ್ದೇ. ಹೂಳು ತೆಗೆಸಿದ್ದು ಇದರಲ್ಲಿ ಸೇರಿಲ್ಲ.

ಬಾಕಿ ಇರುವುದು

ಕಾಂಕ್ರೀಟ್ ಸೇರಿಕೆಯ ಬಿರುಕನ್ನು ವಿ ಆಕಾರಕ್ಕೆ ಕೆತ್ತಿ ತುಂಬಬೇಕು, ಜೂನ್ ಮಳೆಗೆ ಮುಂಚೆ. ಹೊರ ಅಂಚಿನ ಸುತ್ತ ಅರ್ಧ ವೃತ್ತದ ಚರಂಡಿ ತೆಗೆದು ನೀರನ್ನು ಬಾಳೆ ಕಡೆ ತಿರುಗಿಸಬೇಕು. ಚರಂಡಿ ಅಂಚಿನಿಂದ 6 ಇಂಚು ಆಚೆ, ವ್ಯಾಸ ಹದಿನೇಳೂವರೆ ಅಡಿ, ಅರ್ಧ ಸುತ್ತಿಗೆ 27 ಅಡಿ 6 ಇಂಚು. ಅದಕ್ಕೆ ಅರ್ಧ ಕೊಯ್ದ ಪಿವಿಸಿ ಪೈಪು ಹಾಕುವುದಾ, ಹಾಗೇ ಕಲ್ಲು ಹಾಸುವುದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಪೈಪು ದುಂಡಗೆ ಬಾಗಲ್ಲ, ತುಂಡು ತುಂಡು ಮಾಡಿ ಜೋಡಿಸಬೇಕು. ಯಾರಾದರೂ ಮಾಡಿದ್ದರೆ ಎಷ್ಟು ಉದ್ದದ ತುಂಡು ಸರಿಹೋಯ್ತು ಅಂತ ಹೇಳಿ.